ಸ್ಪಿನ್ನರೋ ಸ್ಪೂನೋ: ಟ್ರೌಟ್ ಬೇಟೆಗೆ ಹಗುರವಾದ ಲೂರ್ ಆರಿಸುವ ಬಗೆ

ಟ್ರೌಟ್ ಮೀನು ಹಿಡಿಯಲು ಹೊರಟವರ ಡಬ್ಬಿಯಲ್ಲಿ ಸ್ಪಿನ್ನರ್ ಮತ್ತು ಸ್ಪೂನ್ ಎಂಬ ಎರಡು ಬಗೆಯ ಲೋಹದ ಲೂರ್‌ಗಳು, ಅಂದರೆ ಮೀನನ್ನು ಸೆಳೆಯುವ ಕೃತಕ ಆಮಿಷಗಳು, ಇದ್ದೇ ಇರುತ್ತವೆ. ಎರಡೂ ಹೊಳೆಯುತ್ತವೆ, ಎರಡೂ ಮೂರು ನಾಲ್ಕು ಗ್ರಾಂ ತೂಗುತ್ತವೆ, ಎರಡಕ್ಕೂ ಒಂದೇ ರಾಡ್ (ಗಾಳದ ಕೋಲು), ಒಂದೇ ರೀಲ್ (ದಾರ ಸುತ್ತುವ ಸಾಧನ) ಸಾಕು. ಹಾಗಾಗಿ ಹೊಸಬರು ಕೈಗೆ ಸಿಕ್ಕಿದ್ದನ್ನು ಕಟ್ಟಿ ಎಸೆಯುತ್ತಾರೆ, ಎರಡನ್ನೂ ಒಂದೇ ವೇಗದಲ್ಲಿ ಎಳೆಯುತ್ತಾರೆ, ಕೊನೆಗೆ ಮೀನು ಕಚ್ಚಲಿಲ್ಲವೆಂದು ಬಣ್ಣ ಬದಲಿಸುತ್ತಾರೆ. ನಾನೂ ಹಲವು ವರ್ಷ ಇದನ್ನೇ ಮಾಡಿದ್ದೇನೆ. ಬಣ್ಣಕ್ಕಿಂತ ಮೊದಲು ತಿಳಿಯಬೇಕಾದ ಮಾತು ಬೇರೆ ಇದೆ. ಸ್ಪಿನ್ನರ್‌ಗೆ ಜೀವ ಬರುವುದು ಎಳೆದಾಗ, ಇಲ್ಲವೇ ಹರಿವು ಅದನ್ನು ತಳ್ಳಿದಾಗ. ಸ್ಪೂನ್ ಮುಳುಗುವಾಗಲೂ ಜೀವಂತವಾಗಿಯೇ ಇರುತ್ತದೆ. ಎಲ್ಲಿ ಯಾವುದನ್ನು ಕಟ್ಟಬೇಕು, ಹೇಗೆ ಎಸೆಯಬೇಕು, ಎಷ್ಟು ನಿಧಾನವಾಗಿ ಸುತ್ತಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಎರಡರ ಒಡಲು

ಸ್ಪಿನ್ನರ್ ಎಂದರೆ ಒಂದು ಸಣ್ಣ ಉಕ್ಕಿನ ತಂತಿ. ಅದರ ಮೇಲೆ ಹಿತ್ತಾಳೆಯ ಒಡಲು, ಒಂದೆರಡು ಮಣಿ, ಹಿಂದೆ ಕೊಕ್ಕೆ. ಮುಂಭಾಗದಲ್ಲಿ ತಂತಿಯ ಸುತ್ತ ತಿರುಗುವ ತೆಳುವಾದ ಅಲಗು ಇರುತ್ತದೆ. ನೀರು ಅಲಗನ್ನು ತಳ್ಳಿದಾಗ ಅದು ಗಿರಗಿರನೆ ಸುತ್ತುತ್ತಾ ಹೊಳಪನ್ನೂ ಕಂಪನವನ್ನೂ ಹೊಮ್ಮಿಸುತ್ತದೆ. ಮೀನಿನ ಪಕ್ಕೆಯುದ್ದಕ್ಕೂ ಇರುವ ಪಾರ್ಶ್ವರೇಖೆ ಎಂಬ ಅಂಗ ನೀರಿನ ಇಂಥ ಸಣ್ಣ ಅಲುಗಾಟವನ್ನು ಗ್ರಹಿಸುತ್ತದೆ. ಆದ್ದರಿಂದ ನೀರು ಕದಡಿದಾಗ, ಬೆಳಕು ಕಡಿಮೆಯಾದಾಗ ಸ್ಪಿನ್ನರ್ ಕಣ್ಣಿಗೆ ಬೀಳುವ ಮೊದಲೇ ಟ್ರೌಟ್‌ಗೆ ಅದರ ಸುಳಿವು ಸಿಕ್ಕಿರುತ್ತದೆ.

ಅಲಗಿನ ಆಕಾರವನ್ನು ಕಡೆಗಣಿಸಬಾರದು. ದುಂಡಗಿನ ಕೊಲೊರಾಡೊ ಅಲಗು ತಂತಿಯಿಂದ ಅಗಲವಾಗಿ ತೆರೆದುಕೊಂಡು ನಿಧಾನವಾಗಿ, ಭಾರವಾಗಿ ಸುತ್ತುತ್ತದೆ. ನೀರನ್ನು ಹೆಚ್ಚು ಹಿಡಿಯುವುದರಿಂದ ಲೂರ್ ಮೇಲಕ್ಕೆ ಏಳುತ್ತದೆ. ಉದ್ದವಾದ, ಕಿರಿದಾದ ವಿಲೋ ಅಲಗು ತಂತಿಗೆ ಹತ್ತಿರದಲ್ಲೇ ಬೇಗ ಸುತ್ತುತ್ತದೆ. ಅದರ ಎಳೆತ ಕಡಿಮೆ, ಆದ್ದರಿಂದ ಬಿರುಸಾದ ಸೆಳವಿನಲ್ಲೂ ಆಳ ಕಾಯ್ದುಕೊಳ್ಳುತ್ತದೆ. ಇವೆರಡರ ನಡುವಿನದು ಫ್ರೆಂಚ್ ಅಲಗು. 1938ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಮೆಪ್ಸ್ ಕಂಪನಿಯ ಅಗ್ಲಿಯಾ ಸ್ಪಿನ್ನರ್‌ನಲ್ಲಿರುವುದು ಇದೇ ಬಗೆ. ಯಾವುದನ್ನು ಕೊಳ್ಳುವುದೆಂದು ತಿಳಿಯದವರು ಇದರಿಂದ ಶುರುಮಾಡಿದರೆ ತಪ್ಪಾಗದು. ಪ್ಯಾಂಥರ್ ಮಾರ್ಟಿನ್ ಎಂಬ ಇನ್ನೊಂದು ಹೆಸರಾಂತ ಸ್ಪಿನ್ನರ್‌ನಲ್ಲಿ ತಂತಿ ನೇರವಾಗಿ ಅಲಗಿನ ಮೂಲಕವೇ ಹಾದುಹೋಗುತ್ತದೆ. ಎಳೆದ ಕೂಡಲೇ ಸುತ್ತಲು ತೊಡಗುವುದು ಅದರ ಹೆಚ್ಚುಗಾರಿಕೆ.

ಸ್ಪೂನ್ ಇನ್ನೂ ಸರಳ. ಬಾಗಿದ ಒಂದು ಲೋಹದ ತುಂಡು, ತುದಿಯಲ್ಲಿ ಉಂಗುರ, ಉಂಗುರಕ್ಕೊಂದು ಕೊಕ್ಕೆ. ಅಮೆರಿಕದ ಜೂಲಿಯೊ ಬ್ಯುಯೆಲ್ 1852ರಲ್ಲೇ ಲೋಹದ ಲೂರ್‌ಗೆ ಪೇಟೆಂಟ್ ಪಡೆದಿದ್ದ. ಇಷ್ಟು ಹಳೆಯ ಸಾಧನ ಇಂದಿಗೂ ಮೀನು ಹಿಡಿಯುತ್ತಿದೆ ಎಂದರೆ ಅದರ ಗುಟ್ಟು ಬಾಗಿನಲ್ಲಿದೆ. ಎಳೆದಾಗ ಅದು ಗಾಯಗೊಂಡ ಮರಿಮೀನಿನಂತೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಬಿಟ್ಟಾಗ ಒಣಗಿದ ಎಲೆ ಮರದಿಂದ ಉದುರುವಂತೆ ಹೊರಳುತ್ತಾ ಇಳಿಯುತ್ತದೆ. ತೆಳುವಾದ ತಗಡಿನ ಸ್ಪೂನ್ ಹೆಚ್ಚು ಓಲಾಡುತ್ತದೆ, ನಿಧಾನವಾಗಿ ಮುಳುಗುತ್ತದೆ, ಆದರೆ ಗಾಳಿಯಲ್ಲಿ ದೂರ ಹೋಗುವುದಿಲ್ಲ. ದಪ್ಪನೆಯ, ಕಿರಿದಾದ ಸ್ಪೂನ್ ಕಲ್ಲಿನಂತೆ ಹಾರಿ ಬೇಗ ತಳ ಸೇರುತ್ತದೆ. ಗಟ್ಟಿ ಹಿತ್ತಾಳೆಯಿಂದ ಕಡೆದು ಮಾಡುವ ಕಾಸ್ಟ್‌ಮಾಸ್ಟರ್ ಈ ಎರಡನೆಯ ಜಾತಿಗೆ ಸೇರಿದ್ದು.

ತೂಕದಷ್ಟೇ ದಾರವೂ ಮುಖ್ಯ

ಟ್ರೌಟ್‌ಗೆ ನಾನು ಹೆಚ್ಚು ಬಳಸುವುದು 2ರಿಂದ 5 ಗ್ರಾಂ ತೂಕದ ಲೂರ್‌ಗಳನ್ನು. ಇಷ್ಟು ಹಗುರವಾದದ್ದನ್ನು ದೂರ ಎಸೆಯಲಾಗುತ್ತಿಲ್ಲ ಎಂದು ಹಲವರು ದೂರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ತೊಡಕು ಲೂರ್‌ನದಲ್ಲ, ದಾರದ್ದು. ದಪ್ಪ ದಾರ ರಾಡ್‌ನ ಉಂಗುರಗಳಿಗೆ ಉಜ್ಜಿ, ರೀಲ್‌ನಿಂದ ಸುರುಳಿ ಸುರುಳಿಯಾಗಿ ಹೊರಬಂದು ಎಸೆತದ ಬಲವನ್ನೆಲ್ಲ ತಿಂದುಹಾಕುತ್ತದೆ. 4ರಿಂದ 6 ಪೌಂಡ್ ತಾಳಿಕೆಯ ನೈಲಾನ್ ದಾರ ಸಾಕು. ಇಲ್ಲವಾದರೆ ತೆಳುವಾದ ಹೆಣೆದ ದಾರದ ತುದಿಗೆ ಒಂದು ಮೀಟರಿನಷ್ಟು ಫ್ಲೋರೊಕಾರ್ಬನ್ ಎಂಬ, ನೀರಿನಲ್ಲಿ ಅಷ್ಟಾಗಿ ಕಾಣದ ದಾರ ಕಟ್ಟಿಕೊಳ್ಳಬಹುದು. ರೀಲ್‌ನಲ್ಲಿ ದಾರ ಸುತ್ತಿರುವ ಉರುಳೆ, ಅಂದರೆ ಸ್ಪೂಲ್, ಅಂಚಿನಿಂದ ಎರಡು ಮಿಲಿಮೀಟರ್ ಕೆಳಗಿನವರೆಗೆ ದಾರದಿಂದ ತುಂಬಿರಬೇಕು. ಅರ್ಧ ತುಂಬಿದ ಸ್ಪೂಲ್‌ನಲ್ಲಿ ದಾರ ಅಂಚನ್ನು ಹತ್ತಿ ಹೊರಬರಬೇಕಾಗುತ್ತದೆ, ಎಸೆತ ಅಲ್ಲೇ ಕುಂಟುತ್ತದೆ. ರಾಡ್ 1.8ರಿಂದ 2.1 ಮೀಟರ್ ಉದ್ದದ್ದು, ತುದಿ ಸುಲಭವಾಗಿ ಬಾಗುವಂಥದ್ದು ಇರಲಿ. ಗಡಸು ರಾಡ್‌ಗೆ ಮೂರು ಗ್ರಾಂ ತೂಕ ಇರುವುದೇ ಗೊತ್ತಾಗುವುದಿಲ್ಲ.

ಒಂದೇ ತೂಕದಲ್ಲಿ ಹೋಲಿಸಿದರೆ ದೂರ ಹೋಗುವುದು ಸ್ಪೂನ್, ಅದರಲ್ಲೂ ದಪ್ಪನೆಯದು. ಸ್ಪಿನ್ನರ್‌ನ ಅಲಗು ಗಾಳಿಯಲ್ಲಿ ರೆಕ್ಕೆಯಂತೆ ಬಡಿದುಕೊಂಡು ವೇಗ ತಗ್ಗಿಸುತ್ತದೆ. ಎದುರುಗಾಳಿ ಬೀಸುವ ಕೆರೆಯ ದಡದಲ್ಲಿ ನಿಂತವರಿಗೆ ಈ ವ್ಯತ್ಯಾಸ ಒಂದೆರಡು ಎಸೆತಗಳಲ್ಲೇ ತಿಳಿಯುತ್ತದೆ. ಅಲ್ಲಿ ಸ್ಪಿನ್ನರ್ ಕಟ್ಟಿಕೊಂಡು ತೋಳು ನೋಯಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಎಸೆಯುವುದು

ರಾಡ್‌ನ ತುದಿಯಿಂದ ಲೂರ್ ಒಂದು ಗೇಣಿನಷ್ಟು ಕೆಳಗೆ ತೂಗಲಿ. ತೋರುಬೆರಳಿನಿಂದ ದಾರವನ್ನು ಹಿಡಿದು ಬೇಲ್, ಅಂದರೆ ರೀಲ್ ಮೇಲೆ ದಾರವನ್ನು ತಡೆಹಿಡಿಯುವ ತಂತಿಯ ಕಮಾನು, ತೆರೆಯಿರಿ. ಹಿಂದಕ್ಕೆ ಎತ್ತುವಾಗ ಅವಸರ ಬೇಡ, ಲೂರ್‌ನ ಭಾರಕ್ಕೆ ತುದಿ ಬಾಗಿದ್ದು ಕೈಗೆ ತಿಳಿಯುವಷ್ಟು ಹೊತ್ತು ಕೊಡಿ. ಬಳಿಕ ಮಣಿಕಟ್ಟಿನಿಂದ ಚುರುಕಾಗಿ ಮುಂದಕ್ಕೆ ಬೀಸಿ ಬೆರಳು ಬಿಡಬೇಕು. ಲೂರ್ ಆಕಾಶಕ್ಕೆ ಹಾರಿದರೆ ಬೆರಳು ಬೇಗ ಬಿಟ್ಟಿದ್ದೀರಿ. ಕಾಲಬುಡದಲ್ಲೇ ಬಡಿದರೆ ತಡವಾಗಿ ಬಿಟ್ಟಿದ್ದೀರಿ. ಹಗುರವಾದ ಲೂರ್ ಎಸೆಯುವುದು ತೋಳಿನ ಬಲದಿಂದಲ್ಲ, ಬಾಗಿದ ರಾಡ್ ನೆಟ್ಟಗಾಗುವ ಬಲದಿಂದ.

ನೀರಿಗೆ ಬೀಳುವ ಕೊನೆಯ ಕ್ಷಣದಲ್ಲಿ ಏನು ಮಾಡುತ್ತೀರಿ ಎಂಬುದು ಎಸೆತದ ದೂರಕ್ಕಿಂತ ಮುಖ್ಯ ಎಂದು ನನಗೆ ಅನಿಸುತ್ತದೆ. ಲೂರ್ ಇಳಿಯುತ್ತಿರುವಾಗ ತೋರುಬೆರಳನ್ನು ಸ್ಪೂಲ್‌ನ ಅಂಚಿಗೆ ಮೆಲ್ಲಗೆ ತಾಗಿಸಿ ದಾರದ ಓಟವನ್ನು ತಡೆಯಿರಿ. ಇದರಿಂದ ಮೂರು ಲಾಭಗಳಿವೆ. ಲೂರ್ ದಪ್ಪೆಂದು ಬೀಳದೆ ಮೆತ್ತಗೆ ಇಳಿಯುತ್ತದೆ. ದಾರ ನೆಟ್ಟಗಾಗಿ ಗಂಟು ಬೀಳುವುದಿಲ್ಲ. ಜೊತೆಗೆ ಸ್ಪಿನ್ನರ್‌ನ ಕೊಕ್ಕೆ ಹಿಂದಕ್ಕೆ ಚಾಚಿಕೊಂಡು ದಾರಕ್ಕೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಬೇಲನ್ನು ಹಿಡಿಕೆ ತಿರುಗಿಸಿ ಮುಚ್ಚುವ ಬದಲು ಕೈಯಿಂದಲೇ ಮುಚ್ಚುವ ರೂಢಿ ಮಾಡಿಕೊಳ್ಳಿ, ದಾರದ ಸಡಿಲ ಸುರುಳಿಗಳು ಸ್ಪೂಲ್ ಮೇಲೆ ಉಳಿಯುವುದಿಲ್ಲ.

ತಿಳಿನೀರಿನ ಕಿರಿದಾದ ತೊರೆಯಲ್ಲಿ ತಲೆಯ ಮೇಲಿಂದ ಬೀಸಲು ಮರದ ಕೊಂಬೆಗಳು ಬಿಡುವುದಿಲ್ಲ. ಅಲ್ಲಿ ರಾಡನ್ನು ಸೊಂಟದ ಮಟ್ಟದಲ್ಲಿ ಹಿಡಿದು ಲೂರನ್ನು ಲೋಲಕದಂತೆ ತೂಗಿಬಿಡುವ ಕೆಳಗಿನ ಎಸೆತ ಒಳ್ಳೆಯದು. ಹತ್ತು ಮೀಟರ್ ಹೋದರೂ ಸಾಕು. ಲೂರ್ ನೀರಿಗೆ ಸಮೀಪದಲ್ಲೇ ಹಾರುವುದರಿಂದ ಸದ್ದಿಲ್ಲದೆ ಇಳಿಯುತ್ತದೆ.

ಸ್ಪಿನ್ನರ್ ಎಳೆಯುವ ಹದ

ನೀರಿಗೆ ಬಿದ್ದ ಸ್ಪಿನ್ನರ್‌ನ ಅಲಗು ಎಷ್ಟೋ ಸಲ ಒಡಲಿಗೆ ಅಂಟಿಕೊಂಡೇ ಇರುತ್ತದೆ. ಹಾಗೆಯೇ ಸುತ್ತಿದರೆ ಅದು ಬರೀ ತಂತಿಯ ತುಂಡಾಗಿ ಬರುತ್ತದೆ. ಬಿದ್ದ ಕೂಡಲೇ ರಾಡ್‌ನ ತುದಿಯನ್ನು ಒಂದು ಸಲ ಚಿಮ್ಮಿಸಿ. ಅಲಗು ತೆರೆದುಕೊಂಡ ಆ ಕ್ಷಣವೇ ಹಿಡಿಕೆಯಲ್ಲಿ ಸಣ್ಣದಾದ ಥರಥರ ಶುರುವಾಗುತ್ತದೆ. ಆ ಥರಥರವೇ ನಿಮ್ಮ ವೇಗಮಾಪಕ. ಅದು ಸಿಕ್ಕಿದ ಮೇಲೆ ಸುತ್ತುವುದನ್ನು ನಿಧಾನಗೊಳಿಸುತ್ತಾ ಬನ್ನಿ. ಕಂಪನ ಬಿಟ್ಟು ಬಿಟ್ಟು ಬರುವ ಹಂತ ತಲುಪಿದಾಗ ಕೂದಲೆಳೆಯಷ್ಟು ವೇಗ ಹೆಚ್ಚಿಸಿ ಅಲ್ಲೇ ನಿಲ್ಲಿಸಿ. ಅಲಗು ಸುತ್ತಬಲ್ಲ ಅತಿ ನಿಧಾನದ ವೇಗವದು. ಟ್ರೌಟ್‌ಗಳು ಹೆಚ್ಚು ಕಚ್ಚುವುದೂ ಆ ವೇಗದಲ್ಲೇ. ಹೊಸಬರು ಇದರ ಎರಡರಷ್ಟು ವೇಗದಲ್ಲಿ ಎಳೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆಗ ಲೂರ್ ನೀರಿನ ಮೇಲ್ಮೈಗೆ ಏರಿಬಿಡುತ್ತದೆ, ಮೀನು ತಳದಲ್ಲೇ ಉಳಿಯುತ್ತದೆ.

ದಡದ ಬಳಿ ತಿಳಿನೀರಿದ್ದರೆ ಮೊದಲ ಎಸೆತವನ್ನು ಕಾಲಬುಡದಲ್ಲೇ ಎಸೆದು ಅಲಗನ್ನು ಕಣ್ಣಾರೆ ನೋಡಿ. ಕಣ್ಣು ಕಂಡದ್ದನ್ನೂ ಕೈಗೆ ತಿಳಿದದ್ದನ್ನೂ ಒಂದು ಸಲ ಜೋಡಿಸಿಕೊಂಡರೆ, ದೂರದ ಮಡುವಿನಲ್ಲಿ ಕಣ್ಣಿಗೆ ಕಾಣದಿದ್ದರೂ ಲೂರ್ ಏನು ಮಾಡುತ್ತಿದೆ ಎಂದು ಕೈ ಹೇಳುತ್ತದೆ.

ಆಳವನ್ನು ಬದಲಿಸಲು ವೇಗ ಬದಲಿಸಬೇಕಿಲ್ಲ, ರಾಡ್‌ನ ತುದಿ ಬದಲಿಸಿದರೆ ಸಾಕು. ತುದಿ ಎತ್ತಿದರೆ ಲೂರ್ ಮೇಲೆ ಬರುತ್ತದೆ, ನೀರಿಗೆ ತಾಗುವಷ್ಟು ಇಳಿಸಿದರೆ ಕೆಳಗೆ ಸಾಗುತ್ತದೆ. ಕಲ್ಲುಗಳ ಮೇಲಿಂದ ದಾಟಿಸುವಾಗ ತುದಿ ಎತ್ತಿ, ದಾಟಿದ ಕೂಡಲೇ ಇಳಿಸಿ. ಎಳೆತವನ್ನು ಪೂರ್ತಿ ನಿಲ್ಲಿಸಿದರೆ ಮಾತ್ರ ಸ್ಪಿನ್ನರ್ ಹೆಚ್ಚುಕಡಿಮೆ ಸತ್ತಂತೆ ಮುಳುಗುತ್ತದೆ, ಹಿಂಬಾಲಿಸಿ ಬಂದ ಮೀನು ತಿರುಗಿ ಹೋಗುತ್ತದೆ. ಬೆನ್ನಟ್ಟಿ ಬರುವ ಟ್ರೌಟ್ ಕಂಡಾಗ ನಿಲ್ಲಿಸುವ ಆಸೆ ಎಲ್ಲರಿಗೂ ಆಗುತ್ತದೆ. ಸ್ಪಿನ್ನರ್ ಕಟ್ಟಿದ್ದರೆ ಅದರ ಬದಲು ಹಿಡಿಕೆಯನ್ನು ಒಂದೆರಡು ಸುತ್ತು ವೇಗವಾಗಿ ತಿರುಗಿಸಿ. ತಪ್ಪಿಸಿಕೊಂಡು ಓಡುವ ಬೇಟೆಯನ್ನು ಬಿಡಲು ಅದಕ್ಕೆ ಮನಸ್ಸಾಗುವುದಿಲ್ಲ.

ಸ್ಪೂನ್ ಎಳೆಯುವ ಹದ, ಬಿಡುವ ಹದ

ಒಂದು ಚಳಿಯ ಬೆಳಗ್ಗೆ ಆಳವಾದ ಮಡುವೊಂದರಲ್ಲಿ ಮೂರು ಗ್ರಾಂ ತೂಕದ ತಾಮ್ರಬಣ್ಣದ ಸ್ಪೂನ್ ಎಳೆಯುತ್ತಿದ್ದೆ. ಒಂದೇ ಮೀನು ಮೂರು ಸಲ ಅದರ ಹಿಂದೆ ಬಂತು, ಮೂರು ಸಲವೂ ನನ್ನ ನೆರಳು ಕಂಡಂತೆ ಹೊರಳಿ ಹೋಯಿತು. ನಾಲ್ಕನೆಯ ಸಲ ಸುತ್ತುತ್ತಾ ಇದ್ದವನು ಬೆರಳು ಮರಗಟ್ಟಿ ಹಿಡಿಕೆ ಬಿಟ್ಟೆ. ಸ್ಪೂನ್ ಒಂದು ಮೊಳದಷ್ಟು ಹೊರಳುತ್ತಾ ಇಳಿಯಿತು. ನೀರಿನ ಮೇಲಿದ್ದ ದಾರದ ಸಣ್ಣ ಬಾಗು ಥಟ್ಟನೆ ನೆಟ್ಟಗಾಯಿತು, ನಾನು ರಾಡ್ ಎತ್ತುವಷ್ಟರಲ್ಲಿ ಮೀನು ಅತ್ತ ಓಡುತ್ತಿತ್ತು. ಅಂದಿನಿಂದ ಸ್ಪೂನನ್ನು ಎಳೆಯುವುದಕ್ಕಿಂತ ಬಿಡುವುದನ್ನು ಹೆಚ್ಚು ಅಭ್ಯಾಸ ಮಾಡಿದ್ದೇನೆ.

ಬಿಡುವುದರಲ್ಲೂ ಎರಡು ಬಗೆಗಳಿವೆ. ದಾರವನ್ನು ಪೂರ್ತಿ ಸಡಿಲ ಬಿಟ್ಟರೆ ಸ್ಪೂನ್ ನೆಟ್ಟಗೆ ಕೆಳಕ್ಕೆ, ಚೆನ್ನಾಗಿ ಹೊರಳುತ್ತಾ ಇಳಿಯುತ್ತದೆ, ಆದರೆ ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ದಾರವನ್ನು ಬಿಗಿಯಾಗಿ ಹಿಡಿದರೆ ಅದು ನಿಮ್ಮ ಕಡೆಗೆ ಕಮಾನಿನಂತೆ ತೂಗುತ್ತಾ ಬರುತ್ತದೆ, ಕಚ್ಚಿದ್ದು ತಿಳಿಯುತ್ತದೆ, ಓಲಾಟ ಕಡಿಮೆಯಾಗುತ್ತದೆ. ನಾನು ಇವೆರಡರ ನಡುವೆ ಇರುತ್ತೇನೆ. ರಾಡ್‌ನ ತುದಿಯನ್ನು ಸ್ಪೂನ್ ಇಳಿದಷ್ಟೇ ಇಳಿಸುತ್ತಾ, ದಾರ ನೀರನ್ನು ಸೇರುವ ಜಾಗದ ಮೇಲೆ ಕಣ್ಣಿಡುತ್ತೇನೆ. ದಾರ ಅದುರಿದರೆ, ಪಕ್ಕಕ್ಕೆ ಸರಿದರೆ, ತಳ ಸೇರುವ ಮೊದಲೇ ಇಳಿಯುವುದು ನಿಂತರೆ ಕೂಡಲೇ ರಾಡ್ ಎತ್ತಬೇಕು.

ಆಳ ಅಳೆಯಲು ಎಣಿಕೆ ಇದೆ. ಸ್ಪೂನ್ ನೀರಿಗೆ ಬಿದ್ದಾಗಿನಿಂದ ಮನಸ್ಸಿನಲ್ಲೇ ಒಂದು, ಎರಡು ಎಂದು ಒಂದೇ ಲಯದಲ್ಲಿ ಎಣಿಸಿ. ಹನ್ನೆರಡಕ್ಕೆ ದಾರ ಸಡಿಲವಾಗಿ ತಳ ಮುಟ್ಟಿತು ಎಂದುಕೊಳ್ಳಿ. ಮುಂದಿನ ಎಸೆತದಲ್ಲಿ ಹತ್ತಕ್ಕೇ ಸುತ್ತಲು ಶುರುಮಾಡಿ, ಆಮೇಲಿನದರಲ್ಲಿ ಎಂಟಕ್ಕೆ, ನಂತರ ಐದಕ್ಕೆ. ಮೀನು ಎಲ್ಲಿ ಕಚ್ಚಿತೋ ಆ ಎಣಿಕೆಯನ್ನು ನೆನಪಿಡಿ. ಕೆರೆಯಲ್ಲಿ ಆ ಹೊತ್ತಿಗೆ ಟ್ರೌಟ್‌ಗಳು ಬಹುಮಟ್ಟಿಗೆ ಒಂದೇ ಆಳದಲ್ಲಿ ತಿರುಗುತ್ತಿರುತ್ತವೆ. ಸ್ಪಿನ್ನರ್‌ನಿಂದಲೂ ಈ ಎಣಿಕೆ ಸಾಧ್ಯ, ಆದರೆ ಎಳೆಯಲು ತೊಡಗಿದ ಕೂಡಲೇ ಅದು ಮೇಲೇಳುವುದರಿಂದ ಆಳ ಕೈಯಲ್ಲಿ ನಿಲ್ಲುವುದಿಲ್ಲ.

ಎಳೆಯುವಾಗ ಸ್ಪೂನ್‌ಗೆ ಒಂದು ಮಿತಿ ಇದೆ. ತೀರಾ ನಿಧಾನವಾದರೆ ಓಲಾಡದೆ ಜಾರಿಕೊಂಡು ಬರುತ್ತದೆ. ತೀರಾ ವೇಗವಾದರೆ ಓಲಾಟ ಬಿಟ್ಟು ಬುಗುರಿಯಂತೆ ಸುತ್ತತೊಡಗುತ್ತದೆ, ದಾರ ಹುರಿಗೊಳ್ಳುತ್ತದೆ. ನಡುವಿನ ಹದದಲ್ಲಿ ನಾಲ್ಕೈದು ಸುತ್ತು ಎಳೆದು, ಒಂದು ಕ್ಷಣ ಬಿಟ್ಟು, ಮತ್ತೆ ಎಳೆಯುವುದು ನನಗೆ ಹೆಚ್ಚು ಮೀನು ಕೊಟ್ಟ ಲಯ.

ಹರಿಯುವ ನೀರಿನಲ್ಲಿ

ಟ್ರೌಟ್ ಸಾಮಾನ್ಯವಾಗಿ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ. ಬಂಡೆಯ ಮರೆ, ವೇಗದ ನೀರೂ ನಿಧಾನದ ನೀರೂ ಸೇರುವ ಗೆರೆ, ಕೊರೆದ ದಡದ ಅಡಿ, ಮಡು ಮುಗಿದು ನೀರು ತೆಳುವಾಗುವ ಜಾಗ, ಇವು ಅದರ ನೆಲೆಗಳು. ಮೀನಿನ ಹಿಂದಿನಿಂದ, ಅಂದರೆ ಕೆಳಹರಿವಿನಿಂದ ಮೇಲಕ್ಕೆ ಸಾಗುತ್ತಾ ಎಸೆದರೆ ನೀವು ಅದರ ಕಣ್ಣಿಗೆ ಬೀಳುವುದು ಕಡಿಮೆ. ಈ ಕೆಲಸಕ್ಕೆ ಸ್ಪಿನ್ನರ್ ಹೇಳಿ ಮಾಡಿಸಿದ್ದು. ಮೇಲಕ್ಕೆ ಓರೆಯಾಗಿ ಎಸೆದು, ನೀರಿನ ವೇಗಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಸುತ್ತಿ. ಅಲಗು ತಿರುಗುತ್ತಲೇ ಇರುತ್ತದೆ, ಹರಿವಿನೊಂದಿಗೆ ತೇಲಿಬರುವ ತಿನಿಸಿನಂತೆ ಲೂರ್ ಬರುತ್ತದೆ. ಅದೇ ಜಾಗದಲ್ಲಿ ಹಗುರವಾದ ಸ್ಪೂನ್ ಎಸೆದರೆ ದಾರ ಬೇಗ ಸಡಿಲವಾಗಿ ಅದು ಕಲ್ಲುಗಳ ಸಂದಿಗೆ ಸೇರಿಬಿಡುತ್ತದೆ.

ಅಗಲವಾದ ಹೊಳೆಯಲ್ಲಿ ಆಟ ಬದಲಾಗುತ್ತದೆ. ಅಡ್ಡಲಾಗಿ, ತುಸು ಕೆಳಕ್ಕೆ ಓರೆಯಾಗಿ ಸ್ಪೂನ್ ಎಸೆದು ದಾರ ಬಿಗಿಹಿಡಿದರೆ ಸೆಳವೇ ಅದನ್ನು ಕಮಾನಿನಂತೆ ದಡದ ಕಡೆಗೆ ತಿರುಗಿಸುತ್ತದೆ. ನೀವು ಸುತ್ತಬೇಕಾದದ್ದು ಬಹಳ ಕಡಿಮೆ. ಕಮಾನು ಮುಗಿದು ಸ್ಪೂನ್ ನಿಮ್ಮ ಕೆಳಗೆ ನೇರವಾಗಿ ನಿಲ್ಲುವ ಹೊತ್ತಿಗೆ ಐದು ಸೆಕೆಂಡ್ ಹಾಗೆಯೇ ಬಿಡಿ, ಹಿಂಬಾಲಿಸಿ ಬಂದ ಮೀನು ಎಷ್ಟೋ ಸಲ ಕಚ್ಚುವುದು ಅಲ್ಲೇ. ಈ ತೂಗಾಟದಲ್ಲಿ ಸ್ಪಿನ್ನರ್ ಕೂಡ ಸುತ್ತುತ್ತದೆ, ಆದರೆ ಬಿರುಸಾದ ಸೆಳವು ಅದನ್ನು ಮೇಲ್ಮೈಗೆ ಎತ್ತಿಬಿಡುತ್ತದೆ. ಕಿರಿದಾದ ವಿಲೋ ಅಲಗಿದ್ದರೆ ಆ ತೊಂದರೆ ಕಡಿಮೆ.

ಬಣ್ಣ, ಹೊಳಪು

ಬಿಸಿಲು, ತಿಳಿನೀರು ಇದ್ದಾಗ ಬೆಳ್ಳಿಬಣ್ಣ. ಮೋಡ ಕವಿದಾಗ, ನೀರಿಗೆ ಚಹಾದ ಬಣ್ಣ ಬಂದಾಗ ಚಿನ್ನ ಅಥವಾ ತಾಮ್ರ. ಕತ್ತಲಾಗುವ ಹೊತ್ತಿಗೆ ಕಪ್ಪು, ಏಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಮಂಕಾದ ಆಕಾಶದ ಎದುರು ಕಪ್ಪು ಆಕೃತಿ ಸ್ಪಷ್ಟವಾಗಿ ಕಾಣುತ್ತದೆ. ತೀರಾ ತಿಳಿಯಾದ, ತೆಳುವಾದ ನೀರಿನಲ್ಲಿ ಹೆಚ್ಚು ಹೊಳಪು ಮೀನನ್ನು ಬೆದರಿಸುತ್ತದೆ. ಅಲ್ಲಿ ಅತಿ ಸಣ್ಣ ಅಳತೆಯ, ಮಾಸಿದ ಅಲಗು ಒಳ್ಳೆಯದು. ಬಣ್ಣದ ಬಗ್ಗೆ ನಾನು ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ.

ದಾರದ ಹುರಿ, ಕೊಕ್ಕೆ

ಸ್ಪಿನ್ನರ್‌ನ ದೊಡ್ಡ ಕೊರತೆ ಎಂದರೆ ಅದು ದಾರವನ್ನು ಹುರಿಗೊಳಿಸುವುದು. ಅಲಗಿನೊಂದಿಗೆ ಒಡಲೂ ತುಸು ತಿರುಗಿದರೆ ಸಾಕು, ಗಂಟೆಯೊಳಗೆ ದಾರ ಸುರುಳಿಯಾಗಿ ರೀಲ್‌ನಿಂದ ಉದುರತೊಡಗುತ್ತದೆ. ಲೂರ್‌ನಿಂದ ಒಂದೂವರೆ ಅಡಿ ಮೇಲೆ ಬಾಲ್‌ಬೇರಿಂಗ್ ಇರುವ ಸಣ್ಣ ಸ್ವಿವೆಲ್ (ಎರಡೂ ತುದಿ ಬೇರೆ ಬೇರೆಯಾಗಿ ತಿರುಗುವ ಕೊಂಡಿ) ಕಟ್ಟಿ. ಲೂರ್‌ನ ಮೂತಿಗೇ ದೊಡ್ಡ ಸ್ವಿವೆಲ್ ಸಿಕ್ಕಿಸಿದರೆ ಮೂರು ಗ್ರಾಂ ತೂಕದ ಸ್ಪಿನ್ನರ್‌ನ ಸಮತೋಲ ಕೆಡುತ್ತದೆ. ದಾರ ಈಗಾಗಲೇ ಹುರಿಗೊಂಡಿದ್ದರೆ ಲೂರ್ ಬಿಚ್ಚಿ, ಬರೀ ದಾರವನ್ನು ಹರಿವಿನಲ್ಲಿ ಉದ್ದಕ್ಕೆ ಬಿಟ್ಟು ಕೆಲವು ನಿಮಿಷ ಬಿಡಿ, ಹುರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸ್ಪೂನ್‌ಗೆ ಹದವಾದ ವೇಗದಲ್ಲಿ ಈ ಕಾಟ ಕಡಿಮೆ. ಆದರೆ ಸ್ಪೂನ್‌ನ ತೂತಿಗೆ ನೇರವಾಗಿ ದಾರ ಕಟ್ಟಬೇಡಿ, ಲೋಹದ ಅಂಚು ಗಂಟನ್ನು ಕತ್ತರಿಸುತ್ತದೆ. ಸಣ್ಣ ಉಂಗುರ ಅಥವಾ ಸ್ನ್ಯಾಪ್ (ತೆರೆದು ಮುಚ್ಚುವ ಕೊಂಡಿ) ಇರಲಿ, ಅದರಿಂದ ಸ್ಪೂನ್ ಸಲೀಸಾಗಿ ಓಲಾಡುತ್ತದೆ.

ಎರಡೂ ಸಾಮಾನ್ಯವಾಗಿ ಮೂರು ಮೊನೆಯ ಕೊಕ್ಕೆಯೊಂದಿಗೆ ಬರುತ್ತವೆ. ಹಲವು ಟ್ರೌಟ್ ನೀರುಗಳಲ್ಲಿ ಒಂಟಿ ಮೊನೆಯ, ಮರುಮುಳ್ಳಿಲ್ಲದ ಕೊಕ್ಕೆಗೆ ಮಾತ್ರ ಅನುಮತಿ ಇರುತ್ತದೆ, ಕೆಲವು ಕಡೆ ಲೋಹದ ಲೂರ್‌ಗಳಿಗೇ ಅವಕಾಶವಿಲ್ಲ. ಆಯಾ ನೀರಿನ ನಿಯಮವನ್ನು ಮೊದಲೇ ಓದಿಕೊಂಡು ಹೋಗಿ. ನಿಯಮ ಇಲ್ಲದ ಕಡೆಯೂ ನಾನು ಒಂಟಿ ಕೊಕ್ಕೆಯನ್ನೇ ಬಳಸುತ್ತೇನೆ, ಮರುಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡುತ್ತೇನೆ. ಸ್ಪೂನ್‌ನಲ್ಲಿ ಉಂಗುರದಿಂದ ಕೊಕ್ಕೆ ಬದಲಿಸುವುದು ಒಂದು ನಿಮಿಷದ ಕೆಲಸ. ಬಹುತೇಕ ಸ್ಪಿನ್ನರ್‌ಗಳಲ್ಲಿ ಕೊಕ್ಕೆ ತಂತಿಯ ಕುಣಿಕೆಯೊಳಗೇ ಸೇರಿರುವುದರಿಂದ ಬದಲಿಸಲಾಗದೆ ಎರಡು ಮೊನೆಗಳನ್ನು ಕತ್ತರಿಸಬೇಕಾಗುತ್ತದೆ. ಕೊಳ್ಳುವಾಗಲೇ ಇದನ್ನು ಗಮನಿಸಿ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಯಾವ ಲೂರ್ ಎಂಬ ಪ್ರಶ್ನೆಯೇ ಬೇಡ, ಆ ದಿನ ಗಾಳ ಹಾಕಬೇಡಿ. ಅಷ್ಟು ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಹೋರಾಡಿ ದಣಿದ ಟ್ರೌಟ್ ಬಿಟ್ಟುಕೊಟ್ಟರೂ ಬದುಕುವುದು ಕಷ್ಟ.

ಮೊದಲ ಡಬ್ಬಿಗೆ

ಒಂದೇ ಒಂದನ್ನು ಕೊಳ್ಳಬೇಕು ಎನ್ನುವವರು ತಾವು ಹೆಚ್ಚಾಗಿ ಹೋಗುವ ನೀರನ್ನು ನೋಡಲಿ. ಮೊಣಕಾಲಿನಿಂದ ಸೊಂಟದ ಆಳದವರೆಗೆ ಹರಿಯುವ ತೊರೆಯಾದರೆ ಮೂರೂವರೆ ಗ್ರಾಂ ತೂಕದ ಫ್ರೆಂಚ್ ಅಲಗಿನ ಸ್ಪಿನ್ನರ್. ಕೆರೆ, ಆಳದ ಮಡು, ಅಗಲವಾದ ಹೊಳೆಯಾದರೆ ಐದು ಗ್ರಾಂ ತೂಕದ ಸ್ಪೂನ್. ಚಳಿಗೆ ಮೀನು ಜಡವಾಗಿ ತಳ ಹಿಡಿದಿರುವ ದಿನಗಳಲ್ಲಿ, ಎಲ್ಲೇ ಆದರೂ, ನಾನು ಸ್ಪೂನ್‌ಗೇ ಕೈಹಾಕುತ್ತೇನೆ. ಅದನ್ನು ಮೀನಿನ ಮುಂದೆಯೇ ಇಳಿಬಿಡಬಹುದು, ಬೆನ್ನಟ್ಟುವ ಶ್ರಮ ಮೀನಿಗಿಲ್ಲ. ನೀರು 10ರಿಂದ 16 ಡಿಗ್ರಿ ಇದ್ದು ಟ್ರೌಟ್ ಚುರುಕಾಗಿದ್ದರೆ ಸ್ಪಿನ್ನರ್ ಬೇಗ ಬೇಗ ಹೆಚ್ಚು ಜಾಗ ಹುಡುಕುತ್ತದೆ.

ಎರಡೂ ಇದ್ದರೆ ಒಂದೇ ಮಡುವಿನಲ್ಲಿ ಎರಡಕ್ಕೂ ಕೆಲಸವಿದೆ. ಮೊದಲು ಕೆಳಗಿನ ತೆಳುನೀರಿನಲ್ಲಿ ನಿಂತು ಮಡುವಿನ ಬಾಲಕ್ಕೆ, ಅಂಚುಗಳಿಗೆ ಸ್ಪಿನ್ನರ್ ಎಸೆಯಿರಿ, ಒಂದೊಂದು ಜಾಗಕ್ಕೆ ಎರಡು ಮೂರು ಎಸೆತ ಸಾಕು. ಅಲ್ಲಿ ಸಿಗಬೇಕಾದ್ದು ಸಿಕ್ಕ ಮೇಲೆ ಸ್ಪೂನ್ ಕಟ್ಟಿ, ನೀರು ಒಳನುಗ್ಗುವ ಮಡುವಿನ ತಲೆಗೆ ಎಸೆದು, ತಳದ ಕಡೆಗೆ ಎಣಿಸುತ್ತಾ ಇಳಿಬಿಡಿ.